ಬೇಸ್‌ಮೆಂಟಿನ ಪಂಪ್ ಖೋಲಿ: ಗಾಳಿ ಎಲ್ಲಿಂದ ಬರಬೇಕು, ಪ್ಯಾನಲ್ ಯಾಕೆ ಸುಡುತ್ತೆ

ಬೋರಿನ ಮೋಟರ್ ಇರೋದು 280 ಅಡಿ ಕೆಳಗೆ, ನೀರಿನೊಳಗೆ. ಅದಕ್ಕೆ ತಂಪಿನ ಕೊರತೆಯಿಲ್ಲ. ಸುಡೋದು ಹೆಚ್ಚಾಗಿ ಮೇಲಿನ ಪ್ಯಾನಲ್, ಅಂದರೆ ಮೋಟರ್ ಚಾಲೂ-ಬಂದ್ ಮಾಡೋ ಪೆಟ್ಟಿಗೆ. ಹುಬ್ಬಳ್ಳಿಯಲ್ಲಿ ನಳಕ್ಕೆ ಮಲಪ್ರಭೆ ನೀರು ಬಂದ ದಿನ ಸಂಪು ತುಂಬಿಸಿಕೊಂಡು, ಉಳಿದ ದಿನ ಬೋರು ನಡೆಸೋ ಮನೆ ನಮ್ಮದು. ಹಾಗಾಗಿ 10 ಅಡಿ ಉದ್ದ, 8 ಅಡಿ ಅಗಲ, 8 ಅಡಿ ಎತ್ತರದ ಒಂದೇ ಖೋಲಿಯಲ್ಲಿ ಬೋರಿನ 1 ಎಚ್‌ಪಿ ಸಬ್‌ಮರ್ಸಿಬಲ್ (ನೀರೊಳಗಿನ) ಪಂಪಿನ ಪ್ಯಾನಲ್, ಸಂಪಿನಿಂದ ಮೇಲಿನ ಟಾಕಿಗೆ ಏರಿಸೋ ಅರ್ಧ ಎಚ್‌ಪಿ ಮೊನೊಬ್ಲಾಕ್ (ಮೋಟರ್, ಪಂಪ್ ಒಂದೇ ಗಟ್ಟಿಯಾಗಿರೋದು), ಇನ್ವರ್ಟರ್ ಬ್ಯಾಟರಿ ಮೂರೂ ಇವೆ.

ಮೊದಲು ತೇವದ ಮಾತು. ಸುತ್ತಲಿನ ಎರೆ ಮಣ್ಣು ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತೆ, ಗೋಡೆ ಒಳಗಿಂದ ಬೆವರುತ್ತೆ. ಅಂಥ ಗೋಡೆಗೆ ಪ್ಯಾನಲ್ ಅಂಟಿಸಿ ಕೂಡಿಸಿದರೆ ಹಿಂಬದಿ ತುಕ್ಕು, ತಾಮ್ರದ ಟರ್ಮಿನಲ್ ಮೇಲೆ ಹಸಿರು ಕಿಲುಬು. ಕಿಲುಬಿನಿಂದ ಜೋಡಣೆ ಸಡಿಲಾಗಿ, ಅಲ್ಲೇ ಕಾದು ವೈರ್ ಕರಕಲಾಗುತ್ತೆ. ಅದಕ್ಕೇ ಎರಡು ಆ್ಯಂಗಲ್ ಹೊಡೆದು, ಗೋಡೆಯಿಂದ 2 ಇಂಚು ಬಿಟ್ಟು, ನೆಲದಿಂದ 5 ಅಡಿ ಮೇಲೆ ಪ್ಯಾನಲ್ ಕೂಡಿಸಿದೆ. ವೈರ್ ಎಲ್ಲ ಕೆಳಗಿನಿಂದಲೇ ಒಳಗೆ. ಮೇಲೆ ತೂತು ಹೊಡೆದರೆ ಒಂದು ಹನಿ ಬಿದ್ದರೂ ನೇರ ಮೋಟರಿಗೆ ಕರೆಂಟ್ ಹಚ್ಚಿ ಬಿಡಿಸೋ ಕಾಂಟ್ಯಾಕ್ಟರ್ ಮೇಲೆ.

ಇನ್ನು ಕಾವು. ಅರ್ಧ ಎಚ್‌ಪಿ ಮೊನೊಬ್ಲಾಕ್ ಸುಮಾರು 650 ವ್ಯಾಟ್ ಎಳೆದರೆ ಶಾಫ್ಟಿಗೆ ಸಿಗೋದು 373 ವ್ಯಾಟ್. ಉಳಿದದ್ದು ಖೋಲಿಗೇ ಬಿಸಿಯಾಗಿ ಸೇರುತ್ತೆ. ಖೋಲಿಯ ಗಾಳಿ 640 ಘನ ಅಡಿ, ಅಂದರೆ 18 ಘನ ಮೀಟರ್. ತಾಸಿಗೆ 10 ಸಲ ಬದಲಾಗಬೇಕಾದರೆ ತಾಸಿಗೆ 180 ಘನ ಮೀಟರ್ ಗಾಳಿ ಹೊರಗೆ ಸಾಗಿಸೋ ಎಕ್ಸಾಸ್ಟ್ ಫ್ಯಾನ್ ಬೇಕು. ಡಬ್ಬಿ ಮೇಲಿನ ಅಂಕಿ ಜಾಳಿಗೆ ಇಲ್ಲದಾಗಿನದು, ಅದಕ್ಕೇ ಒಂದು ಸೈಜು ದೊಡ್ಡದೇ ತಗೊಂಡೆ: 9 ಇಂಚಿನದು, ಸ್ಲ್ಯಾಬಿನ ಸಮೀಪ.

ಫ್ಯಾನ್ ಎಲ್ಲರೂ ಹಾಕಿಸ್ತಾರೆ, ಗಾಳಿ ಒಳಗೆ ಬರೋ ದಾರಿ ಮರೀತಾರೆ. ಬಾಗಿಲು ಬಿಗಿಯಾಗಿ ಮುಚ್ಚಿದ್ದರೆ ಫ್ಯಾನ್ ಬರೀ ಸದ್ದು ಮಾಡುತ್ತೆ. ಅಷ್ಟೇ ಅಲ್ಲ, ನಹಾನಿ ಟ್ರ್ಯಾಪಿನ (ನೆಲದ ನೀರು ಹೋಗೋ ತೂತಿನಲ್ಲಿ ವಾಸನೆ ತಡೆಯೋ ಬಾಗು) ನೀರು ಆರಿದ್ದರೆ ಅಲ್ಲಿಂದಲೇ ಗಾಳಿ ಎಳೆದು ಗಟಾರದ ವಾಸನೆ ಮನೆ ತುಂಬಿಸುತ್ತೆ. ಫ್ಯಾನಿನ ಎದುರು ಗೋಡೆಯಲ್ಲಿ, ನೆಲದಿಂದ ಒಂದು ಅಡಿ ಮೇಲೆ, 12 ಇಂಚು ಚೌಕದ ಜಾಳಿಗೆ ಗವಂಡಿಯಿಂದ ಕೊರೆಸಿದೆ. ಸೊಳ್ಳೆ ಪರದೆ ಹಾಕಿದರೆ ತಿಂಗಳಿಗೊಮ್ಮೆ ತೊಳೀಬೇಕು, ನಮ್ಮೂರ ಧೂಳಿಗೆ ಅದು ಬಟ್ಟೆ ಕಟ್ಟಿದ ಹಾಗಾಗುತ್ತೆ. ಟ್ರ್ಯಾಪಿಗೆ ವಾರಕ್ಕೊಂದು ಚೊಂಬು ನೀರು.

ಬೇಸಿಗೆಯಲ್ಲಿ ಪಂಪ್ ನಿಂತ ಮೇಲೂ ಅರ್ಧ ತಾಸು ಫ್ಯಾನ್ ನಡೀತದೆ. ಜುಲೈನಲ್ಲಿ ಹಾಗೆ ಮಾಡಬಾರದು. ಹೊರಗಿನ ಹಸಿ ಗಾಳಿ ತಣ್ಣನೆ ಗೋಡೆಗೆ, ಪೈಪಿಗೆ ತಾಗಿ ನೀರಾಗಿ ಇಳಿಯುತ್ತೆ, ಒಣಗಿಸೋಕೆ ಹಾಕಿದ್ದೇ ತೋಯಿಸುತ್ತೆ. ಮಳೆಗಾಲದಲ್ಲಿ ಪಂಪ್ ಇದ್ದಷ್ಟು ಹೊತ್ತು ಮಾತ್ರ ಫ್ಯಾನ್. ಪ್ಯಾನಲ್ ಒಳಗೆ, ವೈರಿಗೆ ತಾಗದ ಹಾಗೆ, 15 ವ್ಯಾಟಿನ ಹಳೇ ಕಾಲದ ಬಲ್ಬ್ ಉರಿಸಿದರೆ ಒಳಗೆ ಬೆಚ್ಚಗಿದ್ದು ತೇವ ಕೂಡೋದಿಲ್ಲ. ಎಲ್‌ಇಡಿ ಈ ಕೆಲಸಕ್ಕೆ ಬರೋದಿಲ್ಲ.

ಬ್ಯಾಟರಿ ಚಾರ್ಜ್ ಆಗುವಾಗ ಬಿಡೋ ಹೈಡ್ರೋಜನ್ ಹಗುರ, ಮೇಲಕ್ಕೇ ಹೋಗುತ್ತೆ. ಫ್ಯಾನ್ ಸ್ಲ್ಯಾಬಿನ ಹತ್ತಿರ ಇರಲಿ ಅನ್ನೋದಕ್ಕೆ ಇದೂ ಕಾರಣ. ಬ್ಯಾಟರಿಯನ್ನು ಮುಚ್ಚಿದ ಕಪಾಟಿನಲ್ಲಿ ಇಡಬೇಡಿ. ಕಿಡಿ ಹಾರಿಸೋ ಸ್ಟಾರ್ಟರ್ ಕೆಳಗಂತೂ ಬೇಡವೇ ಬೇಡ. ಪೆಟ್ರೋಲ್ ಜನರೇಟರ್ ಎಷ್ಟು ಫ್ಯಾನ್ ಇದ್ದರೂ ಈ ಖೋಲಿಗೆ ಸಲ್ಲದು, ಅದರ ಹೊಗೆ ಜೀವ ತೆಗೆಯುತ್ತೆ.

ಬೋರಿನ ಮೋಟರ್ ಗುಂಯ್ ಅಂತ ಹತ್ತದೇ ನಿಂತರೆ ಮೊದಲು ಪ್ಯಾನಲ್ ಒಳಗಿನ ಸ್ಟಾರ್ಟ್ ಕೆಪ್ಯಾಸಿಟರ್ (ಮೋಟರ್ ಹತ್ತುವಾಗ ನೂಕು ಕೊಡೋದು) ನೋಡಿ. ಮೇನ್ ಆಫ್ ಮಾಡಿ, ಕೆಪ್ಯಾಸಿಟರ್ ಕಾಲುಗಳಿಗೆ ಬಲ್ಬ್ ಹೋಲ್ಡರಿನ ವೈರ್ ಹಚ್ಚಿ, ಅದರಲ್ಲಿ ಉಳಿದ ಕರೆಂಟ್ ಖಾಲಿ ಮಾಡಿಯೇ ಕೈ ಹಾಕಿ. ಪ್ಯಾನಲ್ ಬದಲಿಸುವಾಗ ಕೇಬಲ್ ಬಣ್ಣ ನಂಬಬೇಡಿ. ಬೋರಿಗೆ ಇಳಿಯೋ ಮೂರೂ ವೈರ್ (ಕಾಮನ್, ರನ್, ಸ್ಟಾರ್ಟ್) ಬಿಚ್ಚಿ ಮಲ್ಟಿಮೀಟರ್‌ನಲ್ಲಿ ಎರಡೆರಡೇ ಅಳೆಯಿರಿ. 3, 5, 8 ಓಮ್ ಬಂತು ಅನ್ನಿ: 8 ತೋರಿಸಿದ ಜೋಡಿಯಲ್ಲಿ ಇಲ್ಲದ ವೈರೇ ಕಾಮನ್. ಕಾಮನ್‌ನಿಂದ 3 ಬಂದದ್ದು ರನ್, 5 ಬಂದದ್ದು ಸ್ಟಾರ್ಟ್.

ನಮ್ಮ ಪ್ಯಾನಲ್ ಬಾಗಿಲ ಒಳಮೈಯಲ್ಲಿ ಪೆನ್ಸಿಲಿನಿಂದ ಬರೆದಿದೆ: 225 ವೋಲ್ಟ್, 7.4 ಆಂಪ್. ಹೊಸ ಪಂಪ್ ಇಳಿಸಿದ ದಿನದ್ದು. ಈಗ ಆಂಪ್ 5ಕ್ಕೆ ಇಳಿದರೆ ಬೋರಿನ ನೀರು ಕೆಳಗೆ ಹೋಗಿದೆ, ಕೂಡಲೇ ಆಫ್. 9ಕ್ಕೆ ಏರಿದರೆ ವೋಲ್ಟೇಜ್ ಬಿದ್ದಿದೆ, ಇಲ್ಲವೇ ಮೋಟರ್ ನಡೆಯುವಷ್ಟು ಹೊತ್ತೂ ಕೆಲಸ ಮಾಡೋ ರನ್ ಕೆಪ್ಯಾಸಿಟರ್ ಸೋತಿದೆ, ಅದೂ ಅಲ್ಲದಿದ್ದರೆ ಪಂಪಿಗೆ ಮರಳು ಸಿಕ್ಕಿದೆ.