ಲೆವೆಲ್ 1 ಹೈ ಪವರ್ ರಾಕೆಟ್: ಕಿಟ್ ಕಟ್ಟುವುದು, ಹಾರಿಸುವುದು, ಸುರಕ್ಷಿತವಾಗಿ ಇಳಿಸುವುದು

ಮೋಟಾರಿನ ಒಟ್ಟು ಇಂಪಲ್ಸ್ (ತಳ್ಳುವ ಬಲ ಮತ್ತು ಅದು ಉಳಿಯುವ ಸಮಯದ ಗುಣಲಬ್ಧ) 160 ನ್ಯೂಟನ್-ಸೆಕೆಂಡ್ ದಾಟಿದರೆ ಅದು ಹೈ ಪವರ್ ವರ್ಗಕ್ಕೆ ಸೇರುತ್ತದೆ. ಅಮೆರಿಕದಲ್ಲಿ ಇಂಥ ಮೋಟಾರು ಹಾರಿಸಲು ನ್ಯಾಷನಲ್ ಅಸೋಸಿಯೇಷನ್ ಆಫ್ ರಾಕೆಟ್ರಿ ಅಥವಾ ಟ್ರಿಪೊಲಿ ರಾಕೆಟ್ರಿ ಅಸೋಸಿಯೇಷನ್ನಿನ ಸದಸ್ಯರಾಗಿ ಲೆವೆಲ್ 1 ಸರ್ಟಿಫಿಕೇಟ್ ಪಡೆಯಬೇಕು; 18 ವರ್ಷ ತುಂಬಿರಬೇಕು. ನೀವೇ ಕಟ್ಟಿದ ರಾಕೆಟ್ಟಿಗೆ ಎಚ್ ಅಥವಾ ಐ ಮೋಟಾರು (ಅಕ್ಷರ ಇಂಪಲ್ಸಿನ ವರ್ಗವನ್ನು ಹೇಳುತ್ತದೆ) ಹಾಕಿ ಹಾರಿಸಿ, ಪ್ಯಾರಾಚೂಟ್ ಬಿಚ್ಚಿಕೊಂಡು, ಮತ್ತೆ ಹಾರಿಸಬಹುದಾದ ಸ್ಥಿತಿಯಲ್ಲಿ ಅದು ಕೆಳಗಿಳಿಯಬೇಕು. ಎತ್ತರಕ್ಕೆ ಇಲ್ಲಿ ಬೆಲೆಯಿಲ್ಲ. ಫೇಲಾಗುವವರಲ್ಲಿ ಹೆಚ್ಚಿನವರು ಎಡವುವುದು ಇಳಿಸುವಲ್ಲಿ, ಆದ್ದರಿಂದ ಕಟ್ಟುವಾಗಲೂ ಗಮನ ಅಲ್ಲೇ ಇರಲಿ.

ಮೊದಲ ಕಿಟ್‌ಗೆ 4 ಇಂಚು ವ್ಯಾಸದ ರಟ್ಟಿನ ಟ್ಯೂಬು, ಪ್ಲೈವುಡ್ ಫಿನ್ (ಬುಡದ ರೆಕ್ಕೆ), 38 ಮಿಮೀ ಮೋಟಾರ್ ಮೌಂಟ್ (ಮೋಟಾರು ಕೂರುವ ಒಳಟ್ಯೂಬು) ಇರುವುದನ್ನು ಆರಿಸಿ. ದಪ್ಪ ರಾಕೆಟ್ ಹೆಚ್ಚು ಎತ್ತರ ಹೋಗುವುದಿಲ್ಲ, ಕಣ್ಣಿಗೆ ಕಾಣುತ್ತಲೇ ಇರುತ್ತದೆ, ಪ್ಯಾರಾಚೂಟ್ ತುರುಕದೆ ಇಡಲು ಜಾಗವೂ ಸಿಗುತ್ತದೆ. ಸಪೂರ ರಾಕೆಟ್ಟಿಗೆ ಐ ಮೋಟಾರು ಹಾಕಿ ಮುಗಿಲಲ್ಲಿ ಕಳೆದುಕೊಳ್ಳುವ ಆಸೆ ಸದ್ಯಕ್ಕೆ ಬೇಡ.

ಅಂಟು 15 ಅಥವಾ 30 ನಿಮಿಷದ ಎಪಾಕ್ಸಿಯೇ ಆಗಲಿ. 5 ನಿಮಿಷದ್ದು ಜೋಡಣೆ ಸರಿಪಡಿಸುವ ಮೊದಲೇ ಗಟ್ಟಿಯಾಗಿಬಿಡುತ್ತದೆ. ರಟ್ಟಿನ ಟ್ಯೂಬಿನ ಮೇಲೆ ನುಣುಪಾದ ಹೊಳಪಿನ ಪದರ ಇರುತ್ತದೆ. ಎಪಾಕ್ಸಿ ಅದಕ್ಕೆ ಅಂಟಿದಂತೆ ಕಂಡರೂ ಒತ್ತಡ ಬಿದ್ದಾಗ ಪದರದ ಸಮೇತ ಕಿತ್ತು ಬರುತ್ತದೆ. ಅಂಟು ಹಾಕುವ ಕಡೆಯೆಲ್ಲ 120 ನಂಬರಿನ ಸ್ಯಾಂಡ್‌ಪೇಪರಿನಿಂದ ಹೊಳಪು ಹೋಗುವವರೆಗೆ ಉಜ್ಜಿ, ಧೂಳು ಒರೆಸಿ.

ಮೋಟಾರ್ ಟ್ಯೂಬಿಗೆ ಮೇಲಿನ ಸೆಂಟರಿಂಗ್ ರಿಂಗನ್ನು (ಅದನ್ನು ಹೊರ ಟ್ಯೂಬಿನ ನಡುವೆ ಹಿಡಿದಿಡುವ ಬಳೆ) ಅಂಟಿಸುವ ಮೊದಲೇ ಅದಕ್ಕೆ ಐಬೋಲ್ಟ್ ಬಿಗಿದು, ನಟ್ಟಿನ ಮೇಲೆ ಎಪಾಕ್ಸಿ ಹಾಕಿ, ಶಾಕ್ ಕಾರ್ಡ್ (ರಾಕೆಟ್, ಮೂತಿ, ಪ್ಯಾರಾಚೂಟ್‌ಗಳನ್ನು ಜೋಡಿಸುವ ಹಗ್ಗ) ಕಟ್ಟಿಬಿಡಿ. ಆಮೇಲೆ ಅಲ್ಲಿಗೆ ಕೈ ಹೋಗುವುದಿಲ್ಲ. ಈ ರಿಂಗಿನ ಅಂಚಿನಲ್ಲಿ ಸಂದು ಉಳಿಯಬಾರದು. ಪ್ಯಾರಾಚೂಟ್ ಹೊರದಬ್ಬುವ ಗ್ಯಾಸು ಹಿಂದಕ್ಕೆ ಸೋರಿ ಒತ್ತಡ ಸಾಲದೆ ಹೋಗುತ್ತದೆ. ಕೆಳಗಿನ ರಿಂಗನ್ನು ಮಾತ್ರ ಈಗಲೇ ಅಂಟಿಸಬೇಡಿ. ಅದಕ್ಕೆ ಮಾಸ್ಕಿಂಗ್ ಟೇಪಿನ ಹಿಡಿ ಮಾಡಿ, ಜೋಡಣೆ ನೇರವಾಗಿರಲೆಂದು ಸುಮ್ಮನೆ ಕೂರಿಸಿ. ಫಿನ್‌ಗಳ ನಾಲಿಗೆ ಟ್ಯೂಬಿನ ಸೀಳಿನಿಂದ ಒಳಹೋಗಿ ಮೋಟಾರ್ ಟ್ಯೂಬಿಗೆ ತಾಗಬೇಕು, ಅಲ್ಲಿ ಅಂಟಿಸಿ. ಅಂಟು ಒಣಗಿದ ಮೇಲೆ ಕೆಳಗಿನ ರಿಂಗನ್ನು ಎಳೆದು ತೆಗೆದು, ಉದ್ದನೆಯ ಕಡ್ಡಿಯಿಂದ ಒಳಗಿನ ಪ್ರತಿ ಮೂಲೆಗೂ ಎಪಾಕ್ಸಿ ಸವರಿ, ಕೊನೆಗೆ ರಿಂಗ್ ಅಂಟಿಸಿ. ಫಿನ್ ಗಟ್ಟಿಯಾಗಿ ನಿಲ್ಲುವುದು ಈ ಒಳಗಿನ ಅಂಟಿನಿಂದ. ಹೊರಗಿನ ಫಿಲೆಟ್ (ಮೂಲೆಗೆ ತುಂಬುವ ಅಂಟಿನ ಪಟ್ಟಿ) 6 ಮಿಮೀ ಇದ್ದರೆ ಧಾರಾಳ.

ಮೋಟಾರನ್ನು ಹಿಡಿದಿಡುವ ಮೋಟಾರ್ ರಿಟೇನರನ್ನು ಬಿಸಿ ತಡೆಯುವ ಜೆಬಿ ವೆಲ್ಡ್‌ನಿಂದ ಅಂಟಿಸಿ, ಅದರ ತಿರುಪಿನ ಸುತ್ತುಗಳಿಗೆ ಅಂಟು ಹೋಗದಂತೆ ನೋಡಿಕೊಳ್ಳಿ. ರಿಟೇನರ್ ಸಡಿಲವಿದ್ದರೆ ಪ್ಯಾರಾಚೂಟ್ ಹೊರದಬ್ಬುವ ಎಜೆಕ್ಷನ್ ಚಾರ್ಜ್ ಸಿಡಿದಾಗ ಮೋಟಾರೇ ಹಿಂದಕ್ಕೆ ಹಾರಿಹೋಗುತ್ತದೆ, ಪ್ಯಾರಾಚೂಟ್ ಒಳಗೇ ಉಳಿಯುತ್ತದೆ. 38 ಮಿಮೀ ಮೌಂಟಿಗೆ 29 ಮಿಮೀ ಮೋಟಾರು ಹಾಕುವುದಾದರೆ ಅಡಾಪ್ಟರ್ ಹಿಡಿದು ನಿಂತರೆ ಸಾಲದು, ಅದರೊಳಗಿನ ಮೋಟಾರಿಗೂ ಬೇರೆ ಹಿಡಿತ ಬೇಕು. ಮೂತಿಯ ಭಾಗ ಕೂರುವ ಜಾಗದ ಕೆಳಗೆ ಟ್ಯೂಬಿಗೆ 3 ಮಿಮೀ ತೂತು ಕೊರೆಯಿರಿ. ಮೇಲೇರಿದಂತೆ ಹೊರಗಿನ ಗಾಳಿಯ ಒತ್ತಡ ಇಳಿಯುತ್ತದೆ. ಒಳಗಿನ ಗಾಳಿಗೆ ದಾರಿಯಿಲ್ಲದಿದ್ದರೆ ಅದು ಮೂತಿಯನ್ನು ಮೊದಲೇ ತಳ್ಳಿಬಿಡುತ್ತದೆ.

ಮೋಟಾರು ಸೇರಿ 1.4 ಕೆಜಿ ತೂಗುವ ರಾಕೆಟ್ಟಿಗೆ 45 ಇಂಚಿನ ಪ್ಯಾರಾಚೂಟ್ ಹಾಕಿದರೆ ಸೆಕೆಂಡಿಗೆ ಸುಮಾರು 5 ಮೀಟರ್ ವೇಗದಲ್ಲಿ ಇಳಿಯುತ್ತದೆ. ಶಾಕ್ ಕಾರ್ಡ್ ರಾಕೆಟ್ಟಿನ ಉದ್ದದ 3ರಿಂದ 5 ಪಟ್ಟು ಇರಲಿ. ಗಿಡ್ಡವಾದರೆ ಮೂತಿ ಹಿಂದಕ್ಕೆ ಚಿಮ್ಮಿ ಬಂದು ಟ್ಯೂಬನ್ನು ಸೀಳುತ್ತದೆ. ಪ್ಯಾರಾಚೂಟನ್ನು ಬೆಂಕಿ ತಡೆಯುವ ನೋಮೆಕ್ಸ್ ಬಟ್ಟೆಯಲ್ಲಿ ಸುತ್ತಿ, ಬಟ್ಟೆಯ ಮುಚ್ಚಿದ ಮಗ್ಗುಲು ಮೋಟಾರಿನ ಕಡೆಗಿರುವಂತೆ ಇಳಿಬಿಡಿ. ತನ್ನ ತೂಕಕ್ಕೇ ಜಾರುವಷ್ಟು ಸಡಿಲವಿರಬೇಕು. ಬೆರಳಿನಿಂದ ಒತ್ತಬೇಕಾಗಿ ಬಂದರೆ ಬಿಚ್ಚಿ ಮತ್ತೆ ಮಡಚಿ. ಹಿಂದಿನ ರಾತ್ರಿ ಮಡಚಿಟ್ಟದ್ದು ಮಡಿಕೆ ಹಿಡಿದು ನಿಧಾನ ಬಿಚ್ಚಿಕೊಳ್ಳುತ್ತದೆ, ಬಯಲಿಗೆ ಬಂದ ಮೇಲೇ ಮಡಚಿ. ಮೂತಿ ಹಿಡಿದು ಎತ್ತಿದಾಗ ರಾಕೆಟ್ ಬೀಳಬಾರದು, ಸ್ವಲ್ಪ ಅಲ್ಲಾಡಿಸಿದರೆ ಜಾರಬೇಕು. ಹೆಚ್ಚು ಕಡಿಮೆಯಾದರೆ ಮಾಸ್ಕಿಂಗ್ ಟೇಪಿನ ಸುತ್ತು ಸೇರಿಸಿ ಇಲ್ಲವೇ ತೆಗೆಯಿರಿ.

ಈಗ ಮೋಟಾರು. ಏರೋಟೆಕ್ ಎಚ್135ಡಬ್ಲ್ಯು-14ಎ ತೆಗೆದುಕೊಳ್ಳಿ: ಎಚ್ ವರ್ಗ, ಸರಾಸರಿ ಥ್ರಸ್ಟ್ 135 ನ್ಯೂಟನ್, ಉರಿದು ಮುಗಿದ 14 ಸೆಕೆಂಡಿಗೆ ಎಜೆಕ್ಷನ್. 1.4 ಕೆಜಿಯ ತೂಕಕ್ಕೆ ಇದು 9 ಪಟ್ಟಿಗಿಂತ ಹೆಚ್ಚಿನ ಬಲ. ಕನಿಷ್ಠ 5 ಪಟ್ಟು ಬೇಕು. ಆದರೆ ಇಷ್ಟು ದಪ್ಪ ರಾಕೆಟ್ಟಿಗೆ 14 ಸೆಕೆಂಡ್ ವಿಪರೀತ ತಡ: ಅಷ್ಟರಲ್ಲಿ ಅದು ತಲೆಕೆಳಗಾಗಿ ವೇಗದಿಂದ ಬೀಳುತ್ತಿರುತ್ತದೆ, ಆಗ ಬಿಚ್ಚಿದ ಪ್ಯಾರಾಚೂಟ್ ಹರಿಯುತ್ತದೆ, ಇಲ್ಲವೇ ಕಾರ್ಡ್ ಟ್ಯೂಬನ್ನು ಸೀಳುತ್ತದೆ. ಓಪನ್‌ರಾಕೆಟ್ ಹಾರಾಟವನ್ನು ಲೆಕ್ಕ ಹಾಕುವ ಉಚಿತ ಸಾಫ್ಟ್‌ವೇರ್. ಕಿಟ್ಟಿನ ಪೆಟ್ಟಿಗೆಯ ಮೇಲಿನ ತೂಕವನ್ನಲ್ಲ, ಬಣ್ಣ ಬಳಿದು ಮುಗಿಸಿದ ರಾಕೆಟ್ಟಿನ ತೂಕವನ್ನು ಅದಕ್ಕೆ ಕೊಡಿ. ಪ್ಯಾರಾಚೂಟ್ ಬಿಚ್ಚಲು ಸರಿಯಾದ ತಡ 8 ಸೆಕೆಂಡ್ ಎಂದು ಅದು ತೋರಿಸಿದರೆ, ಕಂಪನಿಯ ಡಿಲೇ ಡ್ರಿಲ್ ಟೂಲಿನಿಂದ 6 ಸೆಕೆಂಡಿನಷ್ಟು ಕೊರೆದು ತೆಗೆಯಿರಿ. ಸರ್ಟಿಫೈಡ್ ಮೋಟಾರು ಬಿಟ್ಟು ಮನೆಯಲ್ಲಿ ಇಂಧನ ಬೆರೆಸುವ ಯೋಚನೆಯನ್ನೇ ಮಾಡಬೇಡಿ.

ಮೋಟಾರು, ಪ್ಯಾರಾಚೂಟ್ ಎಲ್ಲ ಹಾಕಿ ರಾಕೆಟ್ಟನ್ನು ಬೆರಳ ಮೇಲೆ ತೂಗಿ ನೋಡಿ. ತೂಕದ ಕೇಂದ್ರ ಗಾಳಿಯ ಬಲವೆಲ್ಲ ಒಟ್ಟಾಗಿ ಬೀಳುವ ಬಿಂದುವಾದ ಗಾಳಿಯ ಒತ್ತಡದ ಕೇಂದ್ರಕ್ಕಿಂತ ಮುಂದೆ, ಕನಿಷ್ಠ ಒಂದು ವ್ಯಾಸದಷ್ಟು, ಅಂದರೆ 10 ಸೆಂಮೀ ಇರಬೇಕು. ಒತ್ತಡದ ಕೇಂದ್ರವನ್ನು ಟ್ಯೂಬಿನ ಮೇಲೆ ಗುರುತು ಹಾಕಿಡಿ. ಸುರಕ್ಷಾ ಅಧಿಕಾರಿ ಮೊದಲು ಕೇಳುವುದೇ ಅದನ್ನು.

ಕ್ಲಬ್ಬು ವಿಮಾನಯಾನ ಇಲಾಖೆಯಾದ ಎಫ್‌ಎಎಯಿಂದ ಅನುಮತಿ ಪಡೆದಿರುವ ದಿನ, ಅದೇ ಬಯಲಿನಲ್ಲಿ ಮಾತ್ರ ಹಾರಿಸಬೇಕು. ಗಾಳಿ ಗಂಟೆಗೆ 20 ಮೈಲಿ ಮೀರಿದರೆ ಆ ದಿನ ಬಿಟ್ಟುಬಿಡಿ. ಮೋಟಾರು ಹೊತ್ತಿಸುವ ಇಗ್ನೈಟರನ್ನು ಪ್ಯಾಡಿನಲ್ಲೇ, ರಾಕೆಟ್ ಅದನ್ನು ನೆಟ್ಟಗೆ ಹಾರಿಸುವ ಕಂಬವಾದ ರೈಲಿಗೇರಿ ನೆಟ್ಟಗೆ ನಿಂತ ಮೇಲೇ ಹಾಕಬೇಕು. ಮೊದಲು ಅದನ್ನು ಮೋಟಾರಿನ ಪಕ್ಕ ಹಿಡಿದು ಇಂಧನದ ಮೇಲ್ತುದಿಯವರೆಗಿನ ಉದ್ದಕ್ಕೆ ಟೇಪಿನಿಂದ ಗುರುತು ಮಾಡಿಕೊಳ್ಳಿ, ಆ ಗುರುತು ಬರುವವರೆಗೆ ಒಳಗೆ ತಳ್ಳಿ. ಅರ್ಧಕ್ಕೇ ನಿಂತರೆ ಮೋಟಾರು ಕೆಮ್ಮಿ ಆರುತ್ತದೆ, ಇಲ್ಲವೇ ಬಲ ಸಾಲದೆ ರಾಕೆಟ್ ರೈಲು ಬಿಟ್ಟ ಕೂಡಲೇ ವಾಲುತ್ತದೆ. ಎಚ್, ಐ ಮೋಟಾರಿಗೆ ಕನಿಷ್ಠ 100 ಅಡಿ ದೂರ ನಿಲ್ಲಬೇಕು. ಹೊತ್ತದಿದ್ದರೆ ಕರೆಂಟ್ ತಪ್ಪಿಸಿ, 60 ಸೆಕೆಂಡ್ ಕಾದು, ಆಮೇಲೆ ಹತ್ತಿರ ಹೋಗಿ.

ಇಳಿದ ರಾಕೆಟ್ ವಿದ್ಯುತ್ ತಂತಿಗೆ ಸಿಕ್ಕಿದ್ದರೆ ಮುಟ್ಟಬೇಡಿ. ನೆಲಕ್ಕೆ ಬಿದ್ದಿದ್ದರೆ ಮೋಟಾರು ಕಳಚದೆ, ಕಾರ್ಡ್ ಬಿಚ್ಚದೆ, ಹಾಗೇ ಎತ್ತಿ ತನ್ನಿ. ಕೇಸಿಂಗ್ ಅದರ ಜಾಗದಲ್ಲೇ ಇದೆಯೇ, ಫಿನ್ ಬುಡದಲ್ಲಿ ಬಿರುಕಿದೆಯೇ ಎಂದು ನೋಡಿದ ಮೇಲೆಯೇ ಸರ್ಟಿಫಿಕೇಟಿನ ಫಾರ್ಮಿಗೆ ಸಹಿ ಬೀಳುವುದು.