ಅಖ್ಲಾಕ್ ಪಾಠ ಮನೆ ಹೊಸ್ತಿಲು ದಾಟಬೇಕಾದರೆ

ಶಾಲೆಯ ಅಖ್ಲಾಕ್ (ನೀತಿ) ಪಾಠದಲ್ಲಿ ‘ಸುಳ್ಳು ಹೇಳಬಾರದು’ ಎಂದು ಬಾಯಿಪಾಠ ಮಾಡಿ ಬಂದ ಹುಡುಗ ಮನೆ ಬಾಗಿಲು ತೆಗೆದರೆ ಸಾಲದ ಕಂತು ಕೇಳಲು ಫೈನಾನ್ಸಿನವನು ನಿಂತಿರುತ್ತಾನೆ. ಒಳಗಿನಿಂದ ಮೆಲ್ಲಗೆ, ‘ಅಬ್ಬಾ ಘರ್ ಮೇ ನೈಂ ಬೋಲ್’. ಅಬ್ಬಾ ಇಲ್ಲ ಅನ್ನು, ಅಷ್ಟೇ. ವಾರದ ಪಾಠ ಅಲ್ಲಿಗೆ ಅಳಿಸಿಹೋಯಿತು. ಅದಕ್ಕೇ ತರ್ಬಿಯತ್ (ಮಕ್ಕಳಿಗೆ ಸಂಸ್ಕಾರ ಕೊಡುವ) ಕೆಲಸ ದೊಡ್ಡವರನ್ನು ಸೇರಿಸಿಕೊಂಡೇ ಶುರುವಾಗಬೇಕು.

ರಾಯಚೂರಿನಂಥ ಊರಲ್ಲಿ ಮೊದಲ ತೊಡಕು ಪೋಷಕರ ಸಭೆಯ ವೇಳೆ. ಹತ್ತಿ ಮಿಲ್ಲು, ರೈಸ್ ಮಿಲ್ಲಿಗೆ ದುಡಿಯಲು ಹೋಗುವವರು ಬೆಳಿಗ್ಗೆ 10ಕ್ಕೆ ಬರಲಾರರು. ಅಬ್ಬಾಗಳಿಗೆ ಜುಮಾ ನಮಾಜ್ ಮುಗಿದ ಮೇಲೆ 20 ನಿಮಿಷ, ಅಮ್ಮೀಯರಿಗೆ ಬೇರೆ ದಿನ ಇಳಿಹೊತ್ತಿನ ನಮಾಜ್ ಅಸರ್‌ಗೆ ಮುಂಚೆ ಆಪಾ (ಶಿಕ್ಷಕಿ) ಜತೆ ಇಡಿ. ತಂದೆ-ತಾಯಿ ಬೆಂಗಳೂರಿಗೆ ಗುಳೆ ಹೋಗಿದ್ದರೆ ಮಗು ಯಾರ ಹತ್ತಿರ ಇದೆಯೋ ಆ ನಾನಿಯೇ ಪೋಷಕಿ, ಅವರನ್ನೇ ಕರೆಯಿರಿ. ಫೀ ಮಾತು ಅವತ್ತು ಬೇಡವೇ ಬೇಡ.

ಒಂದು ಸಲಕ್ಕೆ ಒಂದೇ ಗುಣ, 6 ವಾರ. ಮುನಾಫಿಕನ (ಕಪಟಿಯ) ಮೂರು ಗುರುತುಗಳನ್ನು ಹೇಳುವ ಪ್ರವಾದಿಯವರ ಹದೀಸ್ (ಮಾತಾಡಿದರೆ ಸುಳ್ಳು, ಮಾತು ಕೊಟ್ಟರೆ ತಪ್ಪುವುದು, ನಂಬಿ ಒಪ್ಪಿಸಿದರೆ ದ್ರೋಹ) ಮೂರು ಸರದಿಗೆ ಸಾಕು. ಗುಣದ ಹೆಸರನ್ನು ಗೋಡೆಗೆ ಅಂಟಿಸಿದರೆ ಏನೂ ಆಗದು, ಕಣ್ಣಿಗೆ ಕಾಣುವ ಕೆಲಸವಾಗಿ ಒಡೆಯಬೇಕು. ಅಮಾನತ್ (ನಂಬಿ ಒಪ್ಪಿಸಿದ್ದನ್ನು ಕಾಪಾಡುವುದು) ಎಂದರೆ 2ನೇ ತರಗತಿಗೆ, ಇಸಿದುಕೊಂಡ ಪೆನ್ಸಿಲ್ ಅವತ್ತೇ ವಾಪಸ್. 5ನೇ ತರಗತಿಗೆ, ಕಿರಾಣಿ ಅಂಗಡಿಯ ಚಿಲ್ಲರೆ ಎಣಿಸಿ ಅಮ್ಮೀ ಕೈಗೆ. 8ಕ್ಕೆ, ಗೆಳೆಯ ನಂಬಿ ಹೇಳಿದ್ದನ್ನು ಬಾಯಿಬಿಡದಿರುವುದು. ಮನೆಯವರಿಗೂ ಒಂದು ಕೆಲಸ ಕೊಡಿ: ಮಗುವಿಗೆ ‘ತಂದುಕೊಡ್ತೀನಿ’ ಅಂದದ್ದನ್ನು ತರುವುದು. ‘ಬಾ, ಕೊಡ್ತೀನಿ’ ಎಂದು ಮಗನನ್ನು ಕರೆದ ತಾಯಿಗೆ ಪ್ರವಾದಿಯವರು, ಏನೂ ಕೊಡದಿದ್ದರೆ ಅದು ನಿನ್ನ ಲೆಕ್ಕಕ್ಕೆ ಸುಳ್ಳಾಗುತ್ತಿತ್ತು ಎಂದ ಹದೀಸ್ ಅಬೂ ದಾವೂದ್ ಸಂಗ್ರಹದಲ್ಲಿದೆ. ಸಭೆಯಲ್ಲಿ ಇದನ್ನೊಂದು ಹೇಳಿದರೆ ಭಾಷಣ ಬೇಕಾಗುವುದಿಲ್ಲ.

ಡೈರಿಯಲ್ಲಿ ಟಿಕ್ ಖಾನೆ ಹಾಕಬೇಡಿ. 7 ದಿನದ ಟಿಕ್ಕೂ ಒಂದೇ ಪೆನ್ನು, ಒಂದೇ ಒತ್ತು. ಆಟೋ ಹಾರ್ನ್ ಹೊಡೆಯುತ್ತಿರುವಾಗ ಹಾಕಿದ್ದೆಂದು ನೋಡಿದ ತಕ್ಷಣ ತಿಳಿಯುತ್ತದೆ. ವಾರಕ್ಕೆ 2 ಸಾಲು ಸಾಕು: ಮಗು ಏನು ಮಾಡಿತು, ದೊಡ್ಡವರು ಎಲ್ಲಿ ತಪ್ಪಿದರು. ಬರೆಯಲು ಬಾರದವರು ಅರ್ಧ ನಿಮಿಷ ವಾಯ್ಸ್ ಮೆಸೇಜ್ ಕಳಿಸಲಿ, ಟೀಚರ್ ನಂಬರಿಗೆ ಮಾತ್ರ. ಗ್ರೂಪಿಗೆ ಹಾಕಿದರೆ ಗೀಬತ್ (ಬೆನ್ನ ಹಿಂದೆ ಆಡಿಕೊಳ್ಳುವುದು) ಬೇಡವೆಂದು ಕಲಿಸುವ ಶಾಲೆಯೇ ಗೀಬತ್ ನಡೆಸಿದಂತೆ.

ಮಗು ತಾನಾಗಿ ತಪ್ಪು ಒಪ್ಪಿಕೊಂಡರೆ ವಸ್ತು ಹಿಂದಿರುಗಿಸಲಿ, ಮಾಫಿ ಕೇಳಲಿ, ಆದರೆ ಏಟು ಬೇಡ. ಹೊಡೆದರೆ ಮುಂದಿನ ಸಲ ಇನ್ನೂ ಚೆನ್ನಾಗಿ ಸುಳ್ಳು ಹೇಳುವುದನ್ನು ಕಲಿಯುತ್ತದೆ. ಸ್ಟಾರ್, ಬಹುಮಾನಗಳದ್ದೂ ಇದೇ ಕತೆ: ತಪ್ಪನ್ನು ಮುಚ್ಚಿಡುವವನೇ ಗೆಲ್ಲುತ್ತಾನೆ. ಟೀಚರ್ ಫೋನು ಬರೀ ದೂರಿಗಲ್ಲ. ಮೊದಲ 15 ದಿನದಲ್ಲಿ ಪ್ರತಿ ಮನೆಗೂ ಒಂದು ಒಳ್ಳೆಯ ಸುದ್ದಿ ಹೋಗಿರಬೇಕು, ‘ನಿಮ್ಮವಳು ನೆಲದಲ್ಲಿ ಸಿಕ್ಕ ₹10 ತಂದುಕೊಟ್ಟಳು’ ಎಂಬಷ್ಟು ಖಚಿತವಾಗಿ.

ಆಫೀಸಿನ ಹೊರಗೆ ಒಂದು ತಗಡಿನ ಡಬ್ಬಿ ಇಡಿ, ಸಿಕ್ಕ ವಸ್ತು ಅದಕ್ಕೆ. ಪೆನ್ಸಿಲ್ ಕಳೆದ ದೂರು ಬರುತ್ತಲೇ ಇದ್ದು ಡಬ್ಬಿ ಖಾಲಿ ಇದ್ದರೆ, 6 ವಾರ ಮುಗಿದರೂ ಅಮಾನತ್ ಇನ್ನೊಂದು ಸರದಿ ನಡೆಯಲಿ. ನಡುವೆ ರಂಜಾನ್ ಬಂದರೆ ಹೊಸ ಗುಣ ಶುರು ಮಾಡದೆ ಈದ್ ಮುಗಿಯುವವರೆಗೆ ತಡೆಯಿರಿ.