ಚೆಲ್ಲೋ ಮುಂದೆ, ಗಿಟಾರ್ ಪಕ್ಕಕ್ಕೆ

ನಮ್ಮ ಬ್ಯಾಂಡಿನಲ್ಲಿ ಹಾಡುವುದೂ ನಾನೇ, ಚೆಲ್ಲೋ ನುಡಿಸುವುದೂ ನಾನೇ. ಚೆಲ್ಲೋ ಅಂದರೆ ಪಿಟೀಲಿನ ಜಾತಿಯದೇ, ಕೂತು ಕಮಾನಿನಲ್ಲಿ ನುಡಿಸುವ ದೊಡ್ಡ ವಾದ್ಯ. ಜೊತೆಗೆ ಡ್ರಮ್ಸ್, ಬೇಸ್, ಒಂದು ಎಲೆಕ್ಟ್ರಿಕ್ ಗಿಟಾರ್. ರಾಕ್ ಬ್ಯಾಂಡಿಗೆ ಚೆಲ್ಲೋ ಯಾಕೆ ಅಂತ ತುಂಬಾ ಜನ ಕೇಳುತ್ತಾರೆ. ಅದರ ದನಿಯಲ್ಲಿ ಗಡಸುತನ ಮೊದಲಿಂದಲೇ ಇದೆ. ಫಿನ್ಲೆಂಡಿನ ಅಪೋಕ್ಯಾಲಿಪ್ಟಿಕಾ ತಂಡದವರು 1993ರಲ್ಲೇ ನಾಲ್ಕು ಚೆಲ್ಲೋ ಇಟ್ಟುಕೊಂಡು ಮೆಟಲ್ ಎಂಬ ಅಬ್ಬರದ ರಾಕ್ ನುಡಿಸಲು ಶುರು ಮಾಡಿದ್ದರು. ಆದರೆ ಒಂದೇ ಚೆಲ್ಲೋ ಹಿಡಿದು ಬ್ಯಾಂಡ್ ನಡೆಸಬೇಕು ಅಂದರೆ ಬೇಕಾಗಿರುವುದು ಜಾಗ. ನನ್ನ ಮುಕ್ಕಾಲು ಪಾಲು ಕೆಲಸ ಆ ಜಾಗ ಕೇಳಿ ಪಡೆಯುವುದೇ.

ಲೆಕ್ಕ ನೋಡಿ. ಚೆಲ್ಲೋದ ತಂತಿಗಳು ಸಿ, ಜಿ, ಡಿ, ಎ. ಅತಿ ದಪ್ಪ ತಂತಿ ಸುಮಾರು 65 ಹರ್ಟ್ಸ್, ಅಂದರೆ ಸೆಕೆಂಡಿಗೆ ಅಷ್ಟು ಕಂಪನ. ಗಿಟಾರಿನ ದಪ್ಪ ತಂತಿ 82, ಬೇಸ್ ಗಿಟಾರಿನದು 41. ಅಂದರೆ ಚೆಲ್ಲೋ ಇಬ್ಬರ ನಡುವೆ ಸಿಕ್ಕಿಕೊಳ್ಳುತ್ತದೆ. ಇಬ್ಬರೂ ಸ್ವಲ್ಪ ಸರಿಯದಿದ್ದರೆ ನಾನು ಎಷ್ಟು ಕಮಾನು ಎಳೆದರೂ ಯಾರಿಗೂ ಕೇಳಿಸಲ್ಲ. ಅದಕ್ಕೇ ನಮ್ಮ ಗಿಟಾರಿಸ್ಟ್ ಬಹುಪಾಲು ಸಣ್ಣ ತಂತಿಗಳಲ್ಲೇ ಇರುತ್ತಾನೆ. ಬೇಸ್ ಕೆಲವೇ ಸ್ವರಗಳನ್ನು ನುಡಿಸುತ್ತದೆ. "ಗುರೂ, ಇಲ್ಲಿ ಸ್ವಲ್ಪ ಸುಮ್ನಿರೋ" ಅನ್ನುವುದು ನಮ್ಮ ಪ್ರಾಕ್ಟೀಸ್ ರೂಮಿನಲ್ಲಿ ಜಾಸ್ತಿ ಕೇಳಿಬರುವ ಮಾತು.

ರಾಕ್‌ಗೆ ಚೆಲ್ಲೋ ಒಂದು ದೊಡ್ಡ ಉಪಕಾರ ಮಾಡುತ್ತದೆ. ಗಿಟಾರಿನವರ ಪವರ್ ಕಾರ್ಡ್ ಅಂದರೆ ಷಡ್ಜ ಮತ್ತು ಪಂಚಮ, ಅಷ್ಟೇ. ಚೆಲ್ಲೋದ ಅಕ್ಕಪಕ್ಕದ ತಂತಿಗಳ ನಡುವೆ ಇರುವುದೂ ಅದೇ ಅಂತರ. ಹಾಗಾಗಿ ಒಂದೇ ಬೆರಳನ್ನು ಎರಡು ತಂತಿಗಳ ಮೇಲೆ ಅಡ್ಡ ಇಟ್ಟರೆ ಪವರ್ ಕಾರ್ಡ್ ಸಿದ್ಧ. ಆದರೆ ಬೆರಳು ಕೂದಲೆಳೆಯಷ್ಟು ವಾಲಿದರೂ ಅಪಸ್ವರ. ದನಿಯನ್ನು ಒರಟು ಮಾಡುವ ಡಿಸ್ಟಾರ್ಷನ್ ಪೆಡಲ್ ಹಾಕಿದಾಗ ಆ ಅಪಸ್ವರ ಗುರ್ರ್ ಅಂತ ಹತ್ತು ಪಟ್ಟು ಎದ್ದು ಬರುತ್ತದೆ. ಬೆಳಿಗ್ಗೆ ಎದ್ದ ಕೂಡಲೇ ನಾನು ಮಾಡುವ ಸಾಧಕ ಇದೇ: ಪೆಡಲ್ ಇಲ್ಲದೆ, ನಿಧಾನವಾಗಿ, ಬರೀ ಪಂಚಮಗಳು.

ಪಿಕಪ್, ಅಂದರೆ ವಾದ್ಯದ ಕಂಪನವನ್ನು ವಿದ್ಯುತ್ತಾಗಿಸುವ ಪುಟ್ಟ ಸಾಧನದ ವಿಷಯಕ್ಕೆ ಬರೋಣ. ನನ್ನದು ಕುದುರೆಗೆ, ಅಂದರೆ ತಂತಿಗಳನ್ನು ಎತ್ತಿ ಹಿಡಿಯುವ ಮರದ ತುಂಡಿಗೆ, ಅಂಟುವ ಪಿಯೆಜೊ ಬಗೆಯದು. ಇದನ್ನು ನೇರವಾಗಿ ಮಿಕ್ಸರಿಗೆ ಸಿಕ್ಕಿಸಿದರೆ ದನಿ ಕೀಚಲಾಗುತ್ತದೆ, ಮಂದ್ರ ಮಾಯ. ನಡುವೆ ಪಿಕಪ್‌ನ ಸಿಗ್ನಲ್ ಹದ ಮಾಡುವ ಪ್ರೀಆಂಪ್ ಬೇಕೇ ಬೇಕು. ಅದರ ಇನ್‌ಪುಟ್ ಇಂಪೀಡೆನ್ಸ್ (ವಿದ್ಯುತ್ತಿಗೆ ಒಡ್ಡುವ ತಡೆ) ಕನಿಷ್ಠ 1 ಮೆಗಾ ಓಮ್ ಇರಲಿ. ಆಮೇಲೆ ಫೀಡ್‌ಬ್ಯಾಕ್. ಚೆಲ್ಲೋದ ಹೊಟ್ಟೆ ಟೊಳ್ಳು. ಸ್ಪೀಕರಿನ ಸದ್ದು ಅದರೊಳಗೆ ಹೊಕ್ಕು ಮತ್ತೆ ಪಿಕಪ್‌ಗೇ ಬರುತ್ತದೆ. ಸೌಂಡ್ ಚೆಕ್‌ನಲ್ಲಿ ವಾಲ್ಯೂಮ್ ಏರಿಸುತ್ತಾ ಹೋಗಿ, ಯಾವ ಸ್ವರಕ್ಕೆ ಊಳಿಡುತ್ತದೆ ಅಂತ ಕಿವಿಗೊಟ್ಟು, ಆ ಒಂದೇ ಫ್ರೀಕ್ವೆನ್ಸಿಯನ್ನು ಕಿರಿದಾಗಿ ಕತ್ತರಿಸಬೇಕು. ಪ್ರೀಆಂಪಿನಲ್ಲಿ ಸದ್ದಿನ ಅಲೆಯನ್ನು ತಿರುವು ಮುರುವು ಮಾಡುವ ಫೇಸ್ (phase) ಬಟನ್ ಇದ್ದರೆ ಅದನ್ನು ಮೊದಲು ಒತ್ತಿ ನೋಡಿ. ಎಷ್ಟೋ ಸಲ ಅಷ್ಟರಲ್ಲೇ ಸರಿಹೋಗುತ್ತದೆ.

ಕೇಳಿಸಬೇಕು ಅನ್ನುವ ಈ ಹಂಬಲ ನಮ್ಮ ನಾಡಿಗೆ ಹೊಸದಲ್ಲ. ಮೈಸೂರು ಟಿ. ಚೌಡಯ್ಯನವರು ನಾಲ್ಕು ತಂತಿಯ ಪಿಟೀಲನ್ನು ಏಳು ತಂತಿ ಮಾಡಿದ್ದು ಸಭೆಯ ಕೊನೆಯ ಸಾಲಿಗೂ ದನಿ ಮುಟ್ಟಲಿ ಅಂತಲೇ. ಆಗಿನ ಕಚೇರಿಗಳಲ್ಲಿ ಮೈಕ್ ಎಲ್ಲಿತ್ತು! ಪಿಟೀಲಿನ ಆಕಾರದ ಚೌಡಯ್ಯ ಮೆಮೋರಿಯಲ್ ಹಾಲ್ ಮುಂದೆ ಹೋಗುವಾಗೆಲ್ಲ ಅವರನ್ನು ನೆನೆಯುತ್ತೇನೆ. ನಾನು ಜಾಸ್ತಿ ಕೇಳುವುದೂ ಚೌಡಯ್ಯನವರನ್ನು, ಜರ್ಮನ್ ಸಂಗೀತಕಾರ ಬಾಖ್‌ನ ಆರು ಚೆಲ್ಲೋ ಸ್ವೀಟ್‌ಗಳನ್ನು (suite, ಒಂಟಿ ಚೆಲ್ಲೋಗೆ ಬರೆದ ಕೃತಿಮಾಲೆ), ಆಮೇಲೆ ಕಾವ್ಯವನ್ನು ರಾಗವಾಗಿ ಓದುವ ಗಮಕ.

ಗಮಕ ಅಂದರೆ ನಮ್ಮ ಡ್ರಮ್ಮರ್ ಮೊದಲು ಮೂತಿ ತಿರುಗಿಸಿದ್ದ. ಕುಮಾರವ್ಯಾಸ ಬರೆದದ್ದು ಭಾಮಿನಿ ಷಟ್ಪದಿಯಲ್ಲಿ. ಮೂರು ಮಾತ್ರೆ, ನಾಲ್ಕು ಮಾತ್ರೆ, ಮತ್ತೆ ಮೂರು, ನಾಲ್ಕು. ಏಳರ ನಡೆ! ಆಲ್ಟರ್ನೇಟಿವ್ ರಾಕ್‌ನವರು ಇಷ್ಟಪಡುವ ಆ ಕುಂಟು ತಾಳ ನಮ್ಮಲ್ಲಿ ಶತಮಾನಗಳಿಂದ ಇದೆ ಅಲ್ವಾ? ಅವನಿಗೆ ಒಂದು ಪದ್ಯ ಓದಿ ಕೈಯಲ್ಲಿ ತಟ್ಟಿ ತೋರಿಸಿದೆ. "ಇದು ಸೆವೆನ್ ಬೈ ಎಯ್ಟ್ ಕಣೇ" ಅಂತ ಎದ್ದು ಕೂತ. ಈಗ ನಮ್ಮ ಅರ್ಧದಷ್ಟು ಹಾಡುಗಳು ಏಳರಲ್ಲೇ ಇವೆ.

ಹಾಡುತ್ತಾ ನುಡಿಸುವುದಕ್ಕೆ ನಾನು ಕಂಡುಕೊಂಡ ದಾರಿ ಇದು. ಸಾಹಿತ್ಯ ಬರೆಯುವಾಗಲೇ ಒತ್ತಕ್ಷರ ಎಲ್ಲಿ ಬೀಳುತ್ತದೆ ಅಂತ ಗುರುತು ಹಾಕುತ್ತೇನೆ. ಕಮಾನಿನ ದಿಕ್ಕು ಬದಲಾಗುವುದು ಅಲ್ಲೇ. ಆಗ ಮಾತು, ಕೈ ಎರಡೂ ಒಟ್ಟಿಗೆ ಗಟ್ಟಿಯಾಗುತ್ತವೆ. ಮೆತ್ತಗಿನ ಸಾಲುಗಳಲ್ಲಿ ಕಮಾನು ಬಿಟ್ಟು ಬೆರಳಲ್ಲಿ ಮೀಟುತ್ತೇನೆ.

ಉಳಿದದ್ದು ಬೆಂಗಳೂರಿನ ಬದುಕು. ಆಟೋದಲ್ಲಿ ಚೆಲ್ಲೋ ಅಡ್ಡ ಮಲಗಿದರೆ ನಾನು ಮುದುರಿ ಕೂರಬೇಕು. "ಏನ್ ಮೇಡಂ, ವೀಣೆನಾ?" ಅಂತಾರೆ ಡ್ರೈವರಣ್ಣ. ಮಳೆಗಾಲದಲ್ಲಿ ಮರ ಉಬ್ಬಿ ಶ್ರುತಿ ಗೂಟ ಬಿಗಿಯುತ್ತದೆ, ಬೇಸಿಗೆಯಲ್ಲಿ ಜಾರುತ್ತದೆ. ರಾತ್ರಿ ಹತ್ತಕ್ಕೆ ಸ್ಪೀಕರ್ ಬಂದ್. ಆಮೇಲೆ ಎಲ್ಲರೂ ಸೇರಿ ಬೈಟು ಕಾಫಿ ಕುಡಿಯುತ್ತಾ, ಮುಂದಿನ ಹಾಡಿನಲ್ಲಿ ಯಾರು ಎಲ್ಲಿ ಸುಮ್ಮನಿರಬೇಕು ಅಂತ ಜಗಳ ಆಡುತ್ತೇವೆ.